ಪ್ರೆಸ್ಸಿನಲ್ಲಿ ಕೂತು ಮನೆಯ ಕಂಪ್ಯೂಟರ್ ತೆರೆಯುವುದು ಹೇಗೆ

ನಾನು ಕನ್ನಡ ಡಿಟಿಪಿ ಮಾಡುವವನು. ಮನೆ ಯಲಹಂಕ, ಪ್ರೆಸ್ಸು ಚಾಮರಾಜಪೇಟೆ. ಒಂದು ಸಲ ಮದುವೆ ಆಮಂತ್ರಣ ಇನ್ನೇನು ಪ್ಲೇಟಿಗೆ ಹೋಗಬೇಕು, ‘ಅಣ್ಣಪ್ಪ’ ಅನ್ನುವುದು ‘ಅಣಪ್ಪ’ ಆಗಿರುವುದು ಕಣ್ಣಿಗೆ ಬಿತ್ತು. ಬೇಕಾದದ್ದು ಒಂದೇ ಒಂದು ಒತ್ತಕ್ಷರ. ಪೇಜ್‌ಮೇಕರ್ ಫೈಲು, ನುಡಿ ಫಾಂಟು ಎರಡೂ ಮನೆಯಲ್ಲಿ. ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು, ಮಷಿನ್ನಿಗೆ ಬೇರೆ ಕೆಲಸ ಏರಿತ್ತು. ಅವತ್ತೇ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಮನೆಯ ಕಂಪ್ಯೂಟರ್ ನಡೆಸುವ ವ್ಯವಸ್ಥೆ, ಮಾಡಿಕೊಳ್ಳಲೇಬೇಕು ಅನ್ನಿಸಿತು.

ಮೊದಲು ನಿಮ್ಮ ವಿಂಡೋಸ್ ಯಾವುದು ನೋಡಿ. ಮನೆಯ ಕಂಪ್ಯೂಟರಿನಲ್ಲಿ ಪ್ರೊ ಇರಬೇಕು, ಹೋಮ್ ಆದರೆ ಆಗುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್‌ಗೆ ಹೋಗಿ ಆನ್ ಮಾಡಿ. ಪಿನ್ ಇಲ್ಲಿ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ. ಕಂಪ್ಯೂಟರ್ ಸ್ಲೀಪ್‌ಗೆ ಹೋಗದ ಹಾಗೆ ಮಾಡಿ. ಆಮೇಲೆ ರೂಟರ್‌ನಲ್ಲಿ ಅಡ್ರೆಸ್ ರಿಸರ್ವೇಷನ್ ಹುಡುಕಿ, ಆ ಕಂಪ್ಯೂಟರಿಗೆ ಒಂದೇ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್) ಕಾಯಂ ಮಾಡಿ.

ಇನ್ನು ಮುಖ್ಯ ವಿಷಯ. ರೂಟರ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿದರೆ, ಅಂದರೆ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲನ್ನು ಇಂಟರ್ನೆಟ್‌ಗೆ ನೇರ ತೆರೆದರೆ, ಮುಗೀತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನಾನು ಹಾಗೆ ಮಾಡಿದ್ದೆ. ಮಾರನೇ ದಿನ ವಿಂಡೋಸ್ ತನ್ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಸಾಲು ಸಾಲು 4625 ನಂಬರಿನ ದಾಖಲೆ. ಅಂದರೆ ಯಾರೋ ಲಾಗಿನ್ ಆಗಲು ನೋಡಿ ಸೋತಿದ್ದಾರೆ. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಹೀಗೆ ಹೆಸರು ಬದಲಿಸುತ್ತಾ ರಾತ್ರಿಯಿಡೀ ಬಾಗಿಲು ತಟ್ಟಿದ್ದಾರೆ. ಪೋರ್ಟ್ ನಂಬರ್ ಬದಲಿಸಿದರೂ ಅವರು ಹುಡುಕಿಕೊಂಡು ಬರುತ್ತಾರೆ. 2019ರಲ್ಲಿ ಸಿಕ್ಕ, ರಿಮೋಟ್ ಡೆಸ್ಕ್‌ಟಾಪ್‌ನದ್ದೇ ಆದ ಬ್ಲೂಕೀಪ್ ದೋಷದಲ್ಲಂತೂ ವಿಂಡೋಸ್ 7ಕ್ಕೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದಿತ್ತು. ಗ್ರಾಹಕರ ಫೈಲು ನಮ್ಮ ಹತ್ತಿರ ಇರುತ್ತೆ ಅಲ್ವಾ, ಆ ಬಾಗಿಲು ತೆರೆದಿಡಬಾರದು.

ಅದರ ಬದಲು ವಿಪಿಎನ್ ಇಡಿ, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಬೀಗ ಹಾಕಿದ ಖಾಸಗಿ ದಾರಿ. ನನ್ನ ರೂಟರ್‌ನಲ್ಲೇ ವೈರ್‌ಗಾರ್ಡ್ ಅನ್ನುವ ವಿಪಿಎನ್‌ನ ಸರ್ವರ್ ಇತ್ತು, ಆನ್ ಮಾಡಿದೆ. ಅದರ ಮಾಮೂಲಿ ಪೋರ್ಟ್ ಯುಡಿಪಿ 51820. ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ರೂಟರ್ ಕೊಡುವ ಕಾನ್ಫಿಗ್ ಫೈಲನ್ನು ಲ್ಯಾಪ್‌ಟಾಪ್‌ಗೆ ಹಾಕಿ. ಮನೆಯ ಹೊರಗಿನ ಐಪಿ ಆಗಾಗ ಬದಲಾಗುವುದರಿಂದ, ಅದನ್ನು ಒಂದು ಕಾಯಂ ಹೆಸರಿಗೆ ಜೋಡಿಸುವ ಡೈನಾಮಿಕ್ ಡಿಎನ್ಎಸ್ ಕೂಡ ರೂಟರ್‌ನಲ್ಲೇ ಹಾಕಿಕೊಳ್ಳಿ.

ಇದಕ್ಕೂ ಮೊದಲು ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯಿಂದ ಅದಕ್ಕೆ ಸಿಕ್ಕ ಐಪಿ) ಒಮ್ಮೆ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರಗಿನ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿನಿಂದ ನಿಮ್ಮ ರೂಟರ್ ತನಕ ಬರಲು ದಾರಿಯೇ ಇರುವುದಿಲ್ಲ. ಆಗ ಇಂಟರ್ನೆಟ್ ಕೊಡುವವರ ಹತ್ತಿರ ಪಬ್ಲಿಕ್ ಐಪಿ ಕೇಳಿ, ಇಲ್ಲವೇ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಬಳಸಿ. ಅದಕ್ಕೆ ಪೋರ್ಟ್ ತೆರೆಯುವ ಗೊಡವೆಯೇ ಇಲ್ಲ.

ನನಗೆ ಎರಡು ದಿನ ತಿಂದದ್ದು ಇನ್ನೊಂದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎಲ್ಲ ಸರಿ, ಪ್ರೆಸ್ಸಿನ ವೈಫೈನಲ್ಲಿ ಮಾತ್ರ ಕಂಪ್ಯೂಟರ್ ಸಿಗುತ್ತಿರಲಿಲ್ಲ. ವಿಪಿಎನ್ ಕನೆಕ್ಟ್ ಆಗಿದೆ ಅಂತಲೇ ತೋರಿಸುತ್ತಿತ್ತು. ಕೊನೆಗೆ ನೋಡಿದರೆ ಒಳಗಿನ ಐಪಿಗಳ ಶುರುವಿನ ಭಾಗ ಮನೆಯದೂ 192.168.1, ಪ್ರೆಸ್ಸಿನದೂ 192.168.1. ಲ್ಯಾಪ್‌ಟಾಪ್ ನನ್ನ ಮನೆಯ ಕಂಪ್ಯೂಟರಿನ 192.168.1.50 ಅನ್ನು ಪ್ರೆಸ್ಸಿನೊಳಗೇ ಹುಡುಕುತ್ತಿತ್ತು! ಮನೆಯ ರೂಟರನ್ನು 192.168.57ಕ್ಕೆ ಬದಲಿಸಿದೆ, ರಿಸರ್ವೇಷನ್ನು, ಕಾನ್ಫಿಗ್ ಫೈಲು ಎರಡನ್ನೂ ಹೊಸದಾಗಿ ಮಾಡಿದೆ, ಸರಿಹೋಯಿತು. ನೀವು ಶುರುವಿನಲ್ಲೇ ಬದಲಿಸಿಬಿಡಿ.

ಕರೆಂಟ್ ಹೋಗಿ ಬಂದಾಗ ಮೊದಲೆಲ್ಲ ಅಮ್ಮನಿಗೆ ಫೋನ್ ಮಾಡಿ ಸ್ವಿಚ್ ಒತ್ತಿಸುತ್ತಿದ್ದೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ‘ಪವರ್ ಬಂದ ಮೇಲೆ ಆನ್ ಆಗು’ ಅನ್ನುವ ಆಯ್ಕೆ ಇರುತ್ತದೆ, ಅದನ್ನು ಹಾಕಿದ ಮೇಲೆ ಅಮ್ಮ ಮೆಟ್ಟಿಲು ಹತ್ತಬೇಕಾಗಿಲ್ಲ.

ಈಗ ಪ್ರೂಫಿನಲ್ಲಿ ತಪ್ಪು ಸಿಕ್ಕರೆ ಅಲ್ಲೇ ಲ್ಯಾಪ್‌ಟಾಪ್ ಬಿಚ್ಚುತ್ತೇನೆ. ವೈರ್‌ಗಾರ್ಡ್ ಆನ್, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನಲ್ಲಿ ಮನೆಯ ಕಂಪ್ಯೂಟರಿನ ಕಾಯಂ ಐಪಿ. ತಿದ್ದಿ ಪಿಡಿಎಫ್ ಮಾಡಿ, ಅಲ್ಲಿ ಕಾಪಿ ಹೊಡೆದು ಇಲ್ಲಿ ಪೇಸ್ಟ್ ಮಾಡಿದರೆ ಫೈಲು ಬಂದುಬಿಡುತ್ತದೆ.