ಹರದೇಶಿ ಅವರು, ನಾಗೇಶಿ ನಾನು

ಯೇಸುಸ್ವಾಮಿಯ ಕಥೆಯನ್ನು ಜಾನಪದ ಧಾಟಿಯಲ್ಲಿ ಹಾಡುವ ಗಂಡ ಹೆಂಡತಿ ನಾವು. ಮದುವೆಯಾದ ಮೊದಲ ತಿಂಗಳಲ್ಲೇ ನಮಗೆ ಗೊತ್ತಾಯಿತು, ನಮ್ಮಿಬ್ಬರ ಶ್ರುತಿ ಕೂಡುವುದಿಲ್ಲ ಅಂತ. ಯಜಮಾನರ ದನಿ ಪೇಟಿಯ, ಅಂದರೆ ಹಾರ್ಮೋನಿಯಂನ, ಎರಡನೇ ಕರಿ ಮನೆಗೆ (ಕರಿ ಎರಡಕ್ಕೆ) ಕೂರುತ್ತಿತ್ತು, ನನ್ನದು ಕರಿ ನಾಲ್ಕಕ್ಕೆ. ನನ್ನ ಶ್ರುತಿಗೆ ಅವರು ಬಂದರೆ ಮೇಲಿನ ಸ್ವರದಲ್ಲಿ ಕೊರಳ ನರ ಉಬ್ಬುತ್ತಿತ್ತು. ಅವರ ಶ್ರುತಿಗೆ ನಾನು ಇಳಿದರೆ ಕೆಳಗಿನ ಸ್ವರ ಕೇಳಿಸುತ್ತಲೇ ಇರಲಿಲ್ಲ. ಈ ಗಂಟು ಬಿಡಿಸಿದವರು ಪಕ್ಕದ ಊರಿನ ಭಜನಾ ಮಾಸ್ತರರು. ಪೇಟಿ ಎಳೆದುಕೊಂಡು, "ಕರಿ ಎರಡನ್ನ ಷಡ್ಜ (ಸ) ಮಾಡಿದರ ಅದರ ಮಧ್ಯಮ (ಮ) ಯಾವುದ ಬರತೈತಿ, ಎಣಿಸಿ ನೋಡ್ರಿ" ಅಂದರು. ಎಣಿಸಿದೆವು. ಕರಿ ನಾಲ್ಕು! "ಅವರ ಮಧ್ಯಮನ ನಿಮ್ಮ ಷಡ್ಜ ಆತು. ಇನ್ನೇನ ಬೇಕವ್ವಾ?" ಅಂದು ಮಾಸ್ತರರು ಎಲೆ ಅಡಿಕೆ ಹಾಕಿಕೊಂಡರು. ಅವರು ನಮ್ಮ ಕ್ರೈಸ್ತ ಸಭೆಯವರಲ್ಲ, ಮಠದಲ್ಲಿ ತತ್ವಪದ ಹಾಡುವವರು. 31 ವರ್ಷಗಳಿಂದ ನಾವು ನಿಂತಿರುವುದು ಅವತ್ತು ಅವರು ಹಾಕಿಕೊಟ್ಟ ಆ ಶ್ರುತಿಯ ಮೇಲೆ.

ನಾನು ಗುಳೇದಗುಡ್ಡದ ಕಡೆಯವಳು. ಮನೆಯಲ್ಲಿ ಕುಪ್ಪಸದ ಖಣ ನೇಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1851ರಲ್ಲಿ. ಅವರು ತಂದ ಜರ್ಮನ್, ಇಂಗ್ಲಿಷ್ ಧಾಟಿಗಳಿಗೆ ಕನ್ನಡ ಮಾತು ಹೊಂದಿಸಿದ ಹಾಡುಗಳನ್ನೇ ನಾನು ಚಿಕ್ಕಂದಿನಿಂದ ಹಾಡಿದ್ದು. ಈಗಲೂ ಅವು ನನಗೆ ಪ್ರಾಣ. ಯಜಮಾನರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಈಗ ನಿವೃತ್ತರು. ಜಾನಪದ ಧಾಟಿಗೆ ನಮ್ಮನ್ನು ಎಳೆದವರು ಅವರ ತಾಯಿ. ಅತ್ತೆಗೆ ಓದು ಬರುತ್ತಿರಲಿಲ್ಲ. ಭಾನುವಾರ ಆರಾಧನೆಯಲ್ಲಿ ಸುಮ್ನೆ ತುಟಿ ಆಡಿಸಿಕೊಂಡು ನಿಂತಿರುತ್ತಿದ್ದರು. ಒಂದು ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿನ ಜೊತೆ ಅವರ ದನಿ ಕೇಳಿ ಎದ್ದೆ.

ಹಿಟ್ಟ ಮುಗಿದರು ನನ್ನ ಹಾಡ ಮುಗಿಯುದುಲ್ಲ
ಕಟ್ಟಿಗಿ ಶಿಲುಬಿ ಹೊತ್ತವನ – ನೆನೆದರ
ಗಟ್ಟಿ ಆದೀತ ಎದಿಗೂಡ

ತ್ರಿಪದಿ ಅವರದೇ. ಯಾರೂ ಕಲಿಸಿದ್ದಲ್ಲ. ಎರಡನೇ ಸಾಲಿನ ಬಾಲವನ್ನು ಎತ್ತಿ ಹಾಡಿ, ಕಲ್ಲು ಒಂದು ಸುತ್ತು ಬರುವುದರೊಳಗೆ ಮೂರನೇ ಸಾಲಿಗೆ ಇಳಿಯುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ. ಅಷ್ಟು ವರ್ಷ ಅವರ ಪಕ್ಕದಲ್ಲಿ ಆರಾಧನೆಗೆ ನಿಂತವರು ಯಾರೂ ಆ ದನಿಯನ್ನು ಕೇಳಿರಲಿಲ್ಲ, ಅಲ್ವಾ?

ಯೇಸುಸ್ವಾಮಿಯ ಕಥೆಯನ್ನು ಈ ನೆಲದ ಧಾಟಿಯಲ್ಲಿ ಹೇಳುವುದು ಹೊಸದೇನೂ ಅಲ್ಲ. ಕನ್ನಡ ನಿಘಂಟು ಮಾಡಿದ ಮಿಷನರಿ ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. 1862ರ ಹೊತ್ತಿಗೆ ಅವರು ಆ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದು "ಕಥಾಮಾಲೆ" ಅಂತ ಅಚ್ಚು ಹಾಕಿಸಿದ್ದರು. ಆದರೆ ನಮಗೆ ಬೇಕಾಗಿದ್ದದ್ದು ಬಾಯಿಂದ ಬಾಯಿಗೆ ಹೋಗುವ ಹಾಡು, ಓದು ಬಾರದ ಅತ್ತೆಯಂಥವರು ತಿರುಗಿ ಹಾಡುವಂಥದ್ದು.

ಹಾಗಾಗಿ ಉತ್ತರ ಕರ್ನಾಟಕದ ಮೇಳದ ಹಾಡು ಗೀಗೀ ಪದ ಹಿಡಿದೆವು. ಯಜಮಾನರ ಕೈಗೆ ಚರ್ಮದ ವಾದ್ಯ ದಪ್ಪು, ನನ್ನ ಕೈಗೆ ತಂತಿಯ ತುಂತುಣಿ, ತಾಳಕ್ಕೆ ಸಭೆಯ ಒಬ್ಬ ಹುಡುಗ. ಮೊದಲ ವರ್ಷ ಒಂದು ತಪ್ಪು ಮಾಡಿದೆವು. "ಗೀಯ ಗೀಯ ಗಾ ಗೀಯ ಗೀಯ" ಅನ್ನುವ ಹಿಮ್ಮೇಳದ ಜಾಗದಲ್ಲಿ "ಹಲ್ಲೆಲೂಯ" ಹಾಕಿದೆವು. ಜನ ಗೌರವದಿಂದ ಕೇಳಿದರು, ಬಾಯಿ ಬಿಡಲಿಲ್ಲ. ಗೀಯ ಗೀಯ ವಾಪಸ್ ತಂದ ದಿನ ಇಡೀ ಕಟ್ಟೆ ನಮ್ಮ ಜೊತೆ ಹಾಡಿತು. ಅವತ್ತಿನಿಂದ ಧಾಟಿಯ ಒಳಗೆ ಏನೇ ಸೇರಿಸುವ ಮುಂಚೆ, ಆ ಧಾಟಿ ಗೊತ್ತಿರುವ ಹಿರಿಯರ ಮುಂದೆ ಒಮ್ಮೆ ಹಾಡಿ ತೋರಿಸುತ್ತೇವೆ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯದ (ದೃಷ್ಟಾಂತ ಕಥೆಯ) ಹಾಡನ್ನು ನಮಗೆ ತಿದ್ದಿಕೊಟ್ಟವರು ಒಬ್ಬ ಮುದುಕ ರೈತರು. ದಾರಿಯ ಮೇಲೆ ಬಿದ್ದ ಬೀಜ, ಬಂಡೆಯ ಮೇಲೆ ಬಿದ್ದದ್ದು, ಮುಳ್ಳಿನಲ್ಲಿ ಬಿದ್ದದ್ದು ಅಂತ ಹಾಡಿ ಮುಗಿಸಿದೆವು. ಅವರು ಎದ್ದು ನಿಂತು, "ಅಂವಾ ಎಂಥಾ ಒಕ್ಕಲಿಗ ರೀ? ಹಾದ್ಯಾಗ ಬೀಜಾ ಚೆಲ್ಲತಾನ?" ಅಂದರು. ಅವರ ಮಾತು ಖರೆ. ನಮ್ಮ ಎರೆ ಹೊಲದಲ್ಲಿ ಜೋಳ ಬಿತ್ತುವುದು ಕೂರಿಗೆಯಿಂದ. ಹಿಂದೆ ನಡೆಯುವ ಹೆಂಗಸು ಉಡಿಯಿಂದ ಹಿಡಿ ಹಿಡಿ ಬೀಜ ತೆಗೆದು ಬಟ್ಟಲಿಗೆ ಬಿಡುತ್ತಾಳೆ. ಅದು ಕೊಳವೆಯೊಳಗೆ ಇಳಿದು ಸಾಲಿಗೇ ಬೀಳುತ್ತದೆ. ಬಂಡೆಯ ಮೇಲೆ ಬೀಳುವ ಮಾತೇ ಇಲ್ಲ. ನಾವು ಮನೆಗೆ ಬಂದು ಎರಡು ರಾತ್ರಿ ಕೂತೆವು. ಅದು ಕೈಯಿಂದ ಎರಚಿ ಬಿತ್ತುವ ದೇಶ ಅಂತ ಶುರುವಿಗೆ ಒಂದು ನುಡಿ ಸೇರಿಸಿದೆವು. ಆ ರೈತರ ಪ್ರಶ್ನೆಯನ್ನೂ ಹಾಗೆಯೇ ಹಾಡಿಗೆ ಇಳಿಸಿದೆವು. ಬಂಡೆ ಅಂತ ಗೊತ್ತಿದ್ದೂ ಯಾಕೆ ಬಿತ್ತಿದ ಅಂತ ನಾನು ಕೇಳುತ್ತೇನೆ. ಇದು ಒಳ್ಳೆ ನೆಲ, ಇದು ಕೆಟ್ಟ ನೆಲ ಅಂತ ನಮ್ಮ ಸ್ವಾಮಿ ಮೊದಲೇ ಬೇರೆ ಮಾಡುವುದಿಲ್ಲ ಅಂತ ಯಜಮಾನರು ಹಾಡುತ್ತಾರೆ. ಆರಾಧನೆಯಲ್ಲಿ ಪಾದ್ರಿಗಳ ಎಷ್ಟು ಪ್ರಸಂಗ ಕೇಳಿದ್ದರೂ ಆ ಸಾಮ್ಯ ನನಗೆ ತಿಳಿದದ್ದು ಆ ಎರಡು ರಾತ್ರಿಗಳಲ್ಲೇ.

ನನಗೆ ಎಲ್ಲಕ್ಕಿಂತ ಇಷ್ಟ ಸವಾಲ್-ಜವಾಬು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರಿಗೆ ಹರದೇಶಿ-ನಾಗೇಶಿ ಗೊತ್ತಿರುತ್ತದೆ. ಹರದೇಶಿ ಮೇಳ ಗಂಡು ಹೆಚ್ಚು ಅಂತ ಹಾಡಿದರೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಅಂತ ತಿರುಗಿಸಿ ಹಾಡುತ್ತದೆ. ಬೆಳತನಕ ನಡೆಯುವ ವಾದ ಅದು. ನಾವು ಗಂಡ ಹೆಂಡತಿ, ಅದಕ್ಕೆ ನಮಗಿಂತ ಸರಿಯಾದ ಜೋಡಿ ಯಾರು? ಶಿಲುಬೆಯ ಕಥೆಯನ್ನು ಹೀಗೆ ಕಟ್ಟಿದೆವು. ಅವರು ಶಿಷ್ಯರ ಪರ, ನಾನು ಹೆಂಗಸರ ಪರ. ಬಲೆ ಬಿಟ್ಟು ಹಿಂದೆ ಬಂದವರು ಯಾರು ಅಂತ ಅವರು ಎತ್ತುತ್ತಾರೆ. ಕೋಳಿ ಕೂಗುವ ಮುಂಚೆ ಮೂರು ಸಲ "ನಾನರಿಯೆ" ಅಂದವರು ಯಾರು ಅಂತ ನಾನು ಕೇಳುತ್ತೇನೆ. ಶಿಲುಬೆಯ ಬುಡದಲ್ಲಿ ನಿಂತವರು ಯಾರು? ತಾಯಿ, ಮಗ್ದಲದ ಮರಿಯಳು, ಹೆಂಗಸರು. ಶಿಷ್ಯ ಯೋಹಾನ ಇರಲಿಲ್ಲವೇ ಅಂತ ಅವರ ದಪ್ಪು ಏರುತ್ತದೆ. ಒಬ್ಬನೇ ಇದ್ದ, ಉಳಿದವರೆಲ್ಲಿ ಅಂತ ನನ್ನ ತುಂತುಣಿ. ಸಮಾಧಿ ಬರಿದಾಗಿದೆ ಅಂತ ಹೆಂಗಸರು ಬಂದು ಹೇಳಿದಾಗ ಶಿಷ್ಯರು ಅದನ್ನು ಬರೀ ಹರಟೆ ಅಂದುಕೊಂಡರು, ತನ್ನ ಸುವಾರ್ತೆಯಲ್ಲಿ ಲೂಕ ಬರೆದಿದ್ದಾನೆ. ಆ ನುಡಿ ಬಂದಾಗ ಮುಂದೆ ಕೂತ ಹೆಂಗಸರ ಮುಖ ನೋಡಬೇಕು! ಒಮ್ಮೆ ಒಬ್ಬಾಕೆ ಸೆರಗು ಬಾಯಿಗೆ ಹಿಡಿದು, "ನಮ್ಮ ಮಾತ ಯಾವಾಗ ನಂಬ್ಯಾರ ಬಿಡವ್ವಾ" ಅಂದಳು. ಅವಳಿಗಾಗಿಯೇ ಆ ನುಡಿಯನ್ನು ನಾನು ಪ್ರತಿ ಸಲ ಎರಡು ಸಲ ಹಾಡುತ್ತೇನೆ.

ನೋವಾದದ್ದೂ ಇದೆ. ಒಂದು ಸಭೆಯಲ್ಲಿ ಹಿರಿಯರೊಬ್ಬರು, ಹಲಗೆ ದಪ್ಪು ದೇವಾಲಯದೊಳಗೆ ತರಬೇಡಿ ಅಂದರು. ಅಂಗಳದಲ್ಲಿ ನಿಂತು ಹಾಡಿದೆವು. ನನಗೆ ಸಿಟ್ಟು ಬಂದಿತ್ತು. ಯಜಮಾನರು ಸುಮ್ಮನಿದ್ದರು. ಅವರ ಅಜ್ಜ ಹಲಗೆ ಬಾರಿಸುತ್ತಿದ್ದವರು. ಊರವರ ಸಾವಿಗೆ ಬಾರಿಸಲೇಬೇಕು ಅನ್ನುವ ಕಟ್ಟಳೆ ತಪ್ಪಲಿ ಅಂತಲೇ ಹಲಗೆಯನ್ನು ಮೂಲೆಗಿಟ್ಟು ಸಭೆಗೆ ಬಂದವರು. ಆ ಹಿರಿಯರಿಗೂ ಅಂಥದ್ದೇ ಒಂದು ನೆನಪು ಇದ್ದಿರಬಹುದು ಅಂತ ನನಗೆ ಹೊಳೆದದ್ದು ತಡವಾಗಿ. ಅದಕ್ಕೇ ಈಗ ಹಾಡುವ ಮುಂಚೆ ಯಜಮಾನರು ಅಜ್ಜನ ಕಥೆ ಹೇಳುತ್ತಾರೆ. ಬಲವಂತಕ್ಕೆ ಬಾರಿಸಿದ್ದನ್ನು ಈಗ ಮನಸ್ಸಿನಿಂದ ಬಾರಿಸುತ್ತಿದ್ದೇನೆ ಅಂತ ಹೇಳಿ, ಸಣ್ಣ ಬೆಂಕಿಗೆ ದಪ್ಪಿನ ಚರ್ಮ ಕಾಸುತ್ತಾರೆ. ಮಳೆಗಾಲದಲ್ಲಿ ಥಂಡಿಗೆ ಚರ್ಮ ಸಡಿಲಾಗುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಾ, ದನಿ ಬಿಗಿಯಾಗುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಮಕ್ಕಳೆಲ್ಲ ಬೆಂಕಿಯ ಸುತ್ತ ಸೇರಿರುತ್ತಾರೆ.

ಕರೆದ ಊರಿಗೆ ಹೋಗುತ್ತೇವೆ. ಬಸ್ಸಿನ ಚಾರ್ಜು, ರೊಟ್ಟಿ ಊಟ, ಇಷ್ಟೇ ನಾವು ಕೇಳುವುದು. ಇತ್ತೀಚೆಗೆ ಯಜಮಾನರ ದನಿ ಕರಿ ಒಂದಕ್ಕೆ ಇಳಿದಿದೆ. ಅದರ ಮಧ್ಯಮ ಕರಿ ಮೂರು. ಹಾಗಾಗಿ ನಾನೂ ಒಂದು ಮನೆ ಕೆಳಗೆ ಬಂದಿದ್ದೇನೆ. ತುಂತುಣಿಯ ತಂತಿ ಸ್ವಲ್ಪ ಸಡಿಲ ಮಾಡಿಕೊಂಡೆ, ಅಷ್ಟೇ. ಈಸ್ಟರ್‌ಗೆ ಇನ್ನು ಮೂರು ವಾರ ಇದೆ. ಅವರು, ಸ್ವಾಮಿ ಎದ್ದು ಬಂದದ್ದನ್ನು ಕಂಡಲ್ಲದೆ ನಂಬೆನೆಂದ ಶಿಷ್ಯ ತೋಮನ ಪರವಾಗಿ ಹೊಸ ಸವಾಲು ಕಟ್ಟಿದ್ದಾರೆ, ನನಗೆ ಇನ್ನೂ ತೋರಿಸಿಲ್ಲ. ಹಾಡುವ ಕಟ್ಟೆಯ ಮೇಲೆಯೇ ಕೇಳಬೇಕಂತೆ.