ಕಷ್ಟದಲ್ಲಿ ಸ್ತುತಿ: ದೂರಿನಿಂದ ಹಾಡಿಗೆ ಹದಿನೈದು ನಿಮಿಷ

ಎದೆ ಭಾರವಾಗಿರುವಾಗ "ಸ್ತುತಿ ಮಾಡಿ, ಎಲ್ಲ ಸರಿಹೋಗುತ್ತೆ" ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುವುದು ಸಹಜ. ಆ ಮಾತಿನಲ್ಲಿ ನಡುವಿನ ಮೆಟ್ಟಿಲುಗಳೇ ಇಲ್ಲ. ಸತ್ಯವೇದದ 2 ಪೂರ್ವಕಾಲವೃತ್ತಾಂತ 20ನೇ ಅಧ್ಯಾಯವನ್ನು ನೋಡಿ. ಶತ್ರುಗಳು ದಂಡೆತ್ತಿ ಬಂದಾಗ ಯೆಹೂದದ ಅರಸ ಯೆಹೋಷಾಫಾಟನು ಸೈನ್ಯದ ಮುಂದೆ ಹಾಡುಗಾರರನ್ನು ನಡೆಸಿದ್ದು 21ನೇ ವಚನದಲ್ಲಿ. ಅದಕ್ಕೂ ಮುಂಚೆ, 3ರಲ್ಲಿ ಅವನು ಹೆದರಿದ, ಉಪವಾಸ ಸಾರಿದ; 12ರಲ್ಲಿ, ಏನು ಮಾಡಬೇಕೋ ತೋಚುತ್ತಿಲ್ಲ ಎಂದು ನೆರೆದ ಜನರ ಎದುರಿಗೇ ದೇವರಿಗೆ ಹೇಳಿದ. ಪ್ರಸಂಗಗಳಲ್ಲಿ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ 21 ಮಾತ್ರ.

ಮನೆಯಲ್ಲಿ ಒಬ್ಬರೇ ಕೂತು ಮಾಡುವುದಕ್ಕೆ 13ನೇ ಕೀರ್ತನೆ ಒಳ್ಳೆಯ ಅಚ್ಚು. ಇರುವುದು ಆರೇ ವಚನ. 1–2 ದೂರು, "ಎಲ್ಲಿಯ ತನಕ?" ಎಂಬ ಪ್ರಶ್ನೆ ಹೀಬ್ರೂ ಮೂಲದಲ್ಲಿ ನಾಲ್ಕು ಸಲ ಬರುತ್ತದೆ. 3–4 ಬೇಡಿಕೆ. 5–6 ಭರವಸೆ ಮತ್ತು ಹಾಡು. ನಡುವೆ ಪರಿಸ್ಥಿತಿ ಬದಲಾಯಿತು ಎಂಬ ಸುಳಿವೇ ಇಲ್ಲ.

ಮೊದಲು ದೂರು, ಐದು ನಿಮಿಷ. ಹಾಳೆಯಲ್ಲಿ ಬರೆಯಿರಿ. "ದೇವರು ನನ್ನನ್ನು ಮರೆತಿದ್ದಾನೆ" ಎಂದು ಬರೆದರೆ ಅದು ದೇವರ ಬಗ್ಗೆ ಆಡಿದ ಮಾತು, "ನೀನು ನನ್ನನ್ನು ಮರೆತೆಯಾ?" ಎಂದರೆ ಪ್ರಾರ್ಥನೆ. ಈ ಒಂದು ಬದಲಾವಣೆಯೇ ಇಲ್ಲಿ ಮುಖ್ಯ ಕೆಲಸ. "ಕಷ್ಟ", "ಶೋಧನೆ" ಎಂಬ ದೊಡ್ಡ ಪದಗಳನ್ನು ಬಿಟ್ಟು, ಇರುವುದನ್ನೇ ಹೇಳಿ: "ಕರ್ತನೇ, ಕೆಲಸ ಹೋಗಿ ಮೂರು ತಿಂಗಳಾಯಿತು, ಫೋನ್ ರಿಂಗಾದರೆ ಸಾಕು, ಸಾಲದವರೇ ಎಂದು ಭಯವಾಗುತ್ತದೆ." ಐದು ನಿಮಿಷ ಆದ ಮೇಲೆ ನಿಲ್ಲಿಸಿ. ಮುಂದುವರಿಸಿದರೆ ಅದೇ ಮಾತು ಸುತ್ತಿಬರುತ್ತದೆ.

ಬೇಡಿಕೆ ಒಂದೇ ಸಾಲು. ಇಂದಿಗೆ ಏನು ಬೇಕೋ ಅಷ್ಟು.

ಆಮೇಲೆ ಸ್ತುತಿ, ಹತ್ತು ನಿಮಿಷದೊಳಗೆ. ದೇವರು ಮಾಡಿದ್ದಕ್ಕೆ ಹೇಳುವುದು ಕೃತಜ್ಞತೆ. ಆತನು ಯಾರೋ ಅದಕ್ಕಾಗಿ ಹೇಳುವುದು ಸ್ತುತಿ. ಉಪಕಾರ ಒಂದೂ ನೆನಪಿಗೆ ಬಾರದ ದಿನ ಎರಡನೆಯದರಿಂದಲೇ ಶುರುಮಾಡಿ. ಸ್ವಂತ ಮಾತು ಹೊರಡದಿದ್ದರೆ 136ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಅದರ 26 ವಚನಗಳೂ ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ: ಆತನ ಕೃಪೆ ಶಾಶ್ವತ. ಹಾಸಿಗೆ ಹಿಡಿದವರ ಪಕ್ಕದಲ್ಲಿ ಕೂತವರು ಮೊದಲರ್ಧ ಓದಲಿ, ರೋಗಿ ಪಲ್ಲವಿಯನ್ನಷ್ಟೇ ಹೇಳಲಿ. ಉಸಿರು ಕಡಿಮೆ ಇದ್ದವರಿಗೂ ಅಷ್ಟು ಸಾಧ್ಯ.

ಹಾಡುವುದಾದರೆ ಪುಸ್ತಕ ನೋಡದೆ ಬರುವ ಹಾಡನ್ನೇ ಆರಿಸಿ, ಎಂದಿಗಿಂತ ತಗ್ಗಿದ ಶ್ರುತಿಯಲ್ಲಿ ಎತ್ತಿಕೊಳ್ಳಿ. ಅತ್ತು ದಣಿದ ಗಂಟಲು ಮೇಲಿನ ಸ್ವರದಲ್ಲಿ ಒಡೆಯುತ್ತದೆ, ಹಾಡು ಅಲ್ಲಿಗೇ ನಿಂತುಹೋಗುತ್ತದೆ. ಎರಡು ಚರಣ ಸಾಕು. ಜಯಘೋಷದ ಹಾಡು ಮೊದಲ ವಾರ ಬೇಡ, ಬಾಯಿ ಹಾಡಿದರೂ ಮನಸ್ಸು ಒಪ್ಪುವುದಿಲ್ಲ. ಫೋನಿನಲ್ಲಿ ಹಾಡು ಹಾಕಿದ್ದರೆ ಮೊದಲ ಚರಣ ಆದೊಡನೆ ನಿಲ್ಲಿಸಿಬಿಡಿ. ಇಲ್ಲದಿದ್ದರೆ ನೀವು ಬರೀ ಕೇಳುಗರಾಗುತ್ತೀರಿ.

ಹೆಚ್ಚಾಗಿ ಕೆಡುವುದು ಎಲ್ಲಿ ಎಂದರೆ, ಸ್ತುತಿಯನ್ನು ಬೀಗದ ಕೈ ಮಾಡಿಕೊಳ್ಳುವುದರಲ್ಲಿ: ಇಷ್ಟು ದಿನ ಸ್ತುತಿಸಿದರೆ ಬಾಗಿಲು ತೆರೆಯಲೇಬೇಕು ಎಂಬ ಲೆಕ್ಕ. ಇದಕ್ಕೆ ಆಧಾರವಾಗಿ ತೋರಿಸುವುದು ಫಿಲಿಪ್ಪಿಯ ಸೆರೆಮನೆಯನ್ನು (ಅಪೊಸ್ತಲರ ಕೃತ್ಯಗಳು 16): ಅಲ್ಲಿ ಬಂಧಿಗಳಾಗಿದ್ದ ಸುವಾರ್ತೆ ಸಾರುವವರಾದ ಪೌಲ, ಸೀಲರು ಹಾಡುತ್ತಿದ್ದಾಗ ಭೂಕಂಪವಾಗಿ ಬಾಗಿಲುಗಳು ತೆರೆದವು. ಆದರೆ ಪೌಲ ಸೀಲರು ಮಧ್ಯರಾತ್ರಿ ಹಾಡಿದಾಗ ಭೂಕಂಪ ಬರುತ್ತದೆಂದು ಅವರಿಗೆ ತಿಳಿದಿತ್ತು ಎಂದು ಎಲ್ಲೂ ಬರೆದಿಲ್ಲ. ಬಾಗಿಲು ತೆರೆದ ಮೇಲೂ ಅವರು ಓಡಿಹೋಗಲಿಲ್ಲ; ನಾವೆಲ್ಲ ಇಲ್ಲೇ ಇದ್ದೇವೆ ಎಂದು ಪೌಲ ಕೂಗಿ ಹೇಳಿದ. ಬಿಡುಗಡೆಗೆಂದೇ ಹಾಡಿದವರು ಹಾಗೆ ಮಾಡುತ್ತಾರೆಯೇ?

ಇನ್ನೊಂದು ತಪ್ಪು 1 ಥೆಸಲೋನಿಕ 5:18ನ್ನು ಅವಸರದಲ್ಲಿ ಓದುವುದು. ಅಲ್ಲಿರುವುದು ಎಲ್ಲ ಸಂದರ್ಭ*ದಲ್ಲೂ* ಸ್ತೋತ್ರ ಮಾಡಿ ಎಂದು. ಮಗುವಿನ ಕಾಯಿಲೆಗಾಗಿ ಯಾರೂ ಸ್ತೋತ್ರ ಹೇಳಬೇಕಿಲ್ಲ. ಕಾಯಿಲೆಯ ನಡುವೆಯೂ ಆತನು ಬಿಟ್ಟುಹೋಗಿಲ್ಲ ಎಂಬುದಕ್ಕೆ ಹೇಳಬಹುದು.

ದುಃಖದ ಮನೆಗೆ ಹೋದಾಗ ಹಾಡನ್ನು ನೀವಾಗಿ ಶುರುಮಾಡಬೇಡಿ. ಮನನೊಂದವನ ಮುಂದೆ ಹಾಡುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡಂತೆ ಎನ್ನುತ್ತದೆ ಜ್ಞಾನೋಕ್ತಿ 25:20. ಅವರೇ ಕೇಳಿದರೆ ಹಾಡಿ, ಅವರಿಗೆ ಬರುವ ಹಾಡನ್ನೇ.

ಕೆಲವು ದಿನ ಬೇಡಿಕೆಯ ಆಚೆಗೆ ಏನೂ ಹೊರಡುವುದಿಲ್ಲ. ಆಗ ಅಲ್ಲಿಗೇ ನಿಲ್ಲಿಸಿ 88ನೇ ಕೀರ್ತನೆ ಓದಿ, ಮಲಗಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿ ಅದಕ್ಕೆ ಜಾಗವಿದೆ. ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿರಿ. ಸಾಯಬೇಕು ಅನ್ನಿಸುತ್ತಿದ್ದರೆ ಹದಿನೈದು ನಿಮಿಷದ ಕ್ರಮವನ್ನು ಬದಿಗಿಡಿ, ಈಗಲೇ ನೀವು ನಂಬುವ ಒಬ್ಬರಿಗೆ ಹೇಳಿ, ಅವರನ್ನೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.