ಬೆನ್ನಿಗೆ ಮನೆ ಕಟ್ಟಿಕೊಂಡು: ಡಾರ್ವಿನ್‌ನಿಂದ ಬ್ರೂಮ್‌ಗೆ ಹೋದ ನನ್ನ ಅನುಭವ

ಹೊರಡಲು ಒಂದು ವಾರ ಇರುವಾಗ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ನಾವಿರುವ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಹೊರಗೆ ಸ್ಟುವರ್ಟ್ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿದ್ದೆವು. ಹಿಂದಿನಿಂದ ಬಂದ ರೋಡ್ ಟ್ರೇನ್ ಒಂದು ನಮ್ಮನ್ನು ದಾಟಿತು. ಒಂದು ಲಾರಿಯ ಹಿಂದೆ ಮೂರು ಟ್ರೇಲರ್, ತುದಿಯಿಂದ ತುದಿಗೆ 53 ಮೀಟರ್ ಉದ್ದ. ಅದರ ಗಾಳಿ ಮೊದಲು ನಮ್ಮನ್ನು ಹೊರಗೆ ತಳ್ಳಿತು, ಆಮೇಲೆ ಒಳಗೆ ಎಳೆಯಿತು. ಹಿಂದಿದ್ದ ಕ್ಯಾರವಾನ್ ಹಾವಿನ ಬಾಲದ ಹಾಗೆ ಅತ್ತಿತ್ತ ಆಡತೊಡಗಿತು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಬ್ರೇಕ್ ಒತ್ತಲಿಲ್ಲ, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಕ್ಯಾರವಾನಿನ ಬ್ರೇಕ್ ಮಾತ್ರ ಹಿಡಿಯುವ ಗುಂಡಿಯನ್ನು ಮೆಲ್ಲಗೆ ಅದುಮಿದೆ. ತೂಗಾಟ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರ ನಡುವೆ ಕೂತಿದ್ದ ಅವ್ವ ಒಂದು ಮಾತೂ ಆಡಲಿಲ್ಲ. ಮನೆಗೆ ಬರುವವರೆಗೂ ಆಡಲಿಲ್ಲ.

ಮರುದಿನ ಕ್ಯಾರವಾನನ್ನು ವಾಹನ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆವು. ಅದರ ಫಲಕದ ಮೇಲಿರುವ ಗರಿಷ್ಠ ತೂಕ 2,500 ಕಿಲೋ. ನಮ್ಮದು 2,680 ಇತ್ತು. ಮಕ್ಕಳ ಸೈಕಲ್ ಎರಡು, ಇಡ್ಲಿ ರುಬ್ಬುವ ಗ್ರೈಂಡರ್, ಅಕ್ಕಿ ಮೂಟೆ, ಉಪಕರಣದ ಪೆಟ್ಟಿಗೆ ಎಲ್ಲವನ್ನೂ ಹಿಂಬದಿಯ ಡಿಕ್ಕಿಯಲ್ಲೇ ತುಂಬಿದ್ದೆವು. ಚಕ್ರದ ಹಿಂದೆ ಭಾರ ಹೆಚ್ಚಾದರೆ ಮುಂದಿನ ಕೊಂಡಿಯ ಮೇಲೆ ಒತ್ತು ಕಡಿಮೆಯಾಗುತ್ತದೆ, ಆಗ ಕ್ಯಾರವಾನ್ ತೂಗಾಡುತ್ತದೆ. ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟಾದರೂ ಕೊಂಡಿಯ ಮೇಲೆ ಕೂರಬೇಕು. ಸೈಕಲ್, ಗ್ರೈಂಡರ್ ಮನೆಯಲ್ಲೇ ಉಳಿದವು. ಅಕ್ಕಿ ಐದು ಕಿಲೋಗೆ ಇಳಿಯಿತು. ಎರಡು ನೀರಿನ ಟ್ಯಾಂಕ್‌ಗಳಲ್ಲಿ ಒಂದನ್ನು ಖಾಲಿ ಮಾಡಿದೆವು, ಅದರಲ್ಲೇ 95 ಕಿಲೋ ಹೋಯಿತು. ಭಾರದ ಸಾಮಾನುಗಳನ್ನು ಚಕ್ರಗಳ ಮೇಲಕ್ಕೆ ಬರುವಂತೆ ನೆಲಮಟ್ಟದಲ್ಲಿ ಜೋಡಿಸಿ ಮತ್ತೆ ತೂಗಿದಾಗ 2,460. ಅಂದಿನಿಂದ ರೋಡ್ ಟ್ರೇನ್ ದಾಟಿದರೆ ಒಂದು ಸಣ್ಣ ಅದುರು, ಅಷ್ಟೇ. ಈ ದಾರಿಗೆ ಹೊರಡುವವರು ಬೇರೇನು ಮಾಡದಿದ್ದರೂ ತೂಕ ಮಾಡಿಸಿಯೇ ಹೊರಡಿ ಎಂದು ಕೈಮುಗಿದು ಕೇಳುತ್ತೇನೆ.

2024ರ ಜೂನ್ 23ರಂದು ಹೊರಟೆವು. ಮಕ್ಕಳಿಗೆ ರಜೆ, ಅವ್ವ ಹಾವೇರಿ ಕಡೆಯಿಂದ ಮೇ ತಿಂಗಳಲ್ಲೇ ಬಂದಿದ್ದಳು, ನಮ್ಮ ಮನೆಯವರಿಗೂ ಬಿಡುವು ಸಿಕ್ಕಿತ್ತು. ಉತ್ತರ ಆಸ್ಟ್ರೇಲಿಯಾದಲ್ಲಿ ಇರುವುದು ಎರಡೇ ಕಾಲ ಎಂದು ಊರಿನವರೆಲ್ಲ ಹೇಳುತ್ತಾರೆ, ಮಳೆಗಾಲ ಮತ್ತು ಒಣಗಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊಳೆಗಳು ಹೆದ್ದಾರಿಯ ಮೇಲೇ ಹರಿಯುತ್ತವೆ. ಮೇಯಿಂದ ಅಕ್ಟೋಬರ್‌ವರೆಗೆ ಆಕಾಶದಲ್ಲಿ ಒಂದು ಚೂರು ಮೋಡ ಇರುವುದಿಲ್ಲ. ಆಗ ಮಾತ್ರ ಕ್ಯಾರವಾನ್ ದಾರಿ.

ಡಾರ್ವಿನ್‌ನಿಂದ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರದ ಊರಾದ ಬ್ರೂಮ್‌ಗೆ ಡಾಂಬರು ರಸ್ತೆಯಲ್ಲೇ ಹೋದರೆ ಸುಮಾರು 1,900 ಕಿಲೋಮೀಟರ್. ದಿನಕ್ಕೆ 300ಕ್ಕಿಂತ ಹೆಚ್ಚು ಓಡಿಸಬಾರದು, ಗಂಟೆಗೆ 90 ದಾಟಬಾರದು, ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ಬಿಡಾರ ಹೂಡಬೇಕು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಇಲ್ಲಿ ಹೆದ್ದಾರಿಗೆ ಬೇಲಿ ಇಲ್ಲ. ಸಂಜೆಯಾದರೆ ಬಿಸಿ ಡಾಂಬರಿನ ಮೇಲೆ ದನಗಳು ಬಂದು ಮಲಗುತ್ತವೆ, ಸಣ್ಣ ಕಾಂಗರೂಗಳಂತಿರುವ ವಾಲಬಿಗಳು ಪೊದೆಯಿಂದ ನೆಗೆಯುತ್ತವೆ. ರಸ್ತೆ ಬದಿಯಲ್ಲಿ ಸತ್ತು ಬಿದ್ದವುಗಳ ಮೇಲೆ ಕುಳಿತ ಹದ್ದುಗಳು ಗಾಡಿ ಬಂದರೂ ಬೇಗ ಏಳುವುದಿಲ್ಲ.

ಕ್ಯಾಥರೀನ್ ಊರಿನಲ್ಲಿ ಎರಡು ರಾತ್ರಿ ಉಳಿದು ನಿಟ್ಮಿಲುಕ್ ಕಮರಿ ನೋಡಿದೆವು. ಅದು ಮೂಲನಿವಾಸಿಗಳಾದ ಜಾವೋಯ್ನ್ ಜನರ ನೆಲ. 1989ರಲ್ಲಿ ಅವರಿಗೇ ಮರಳಿ ಬಂತು. ದೋಣಿಯಲ್ಲಿ ಹೋಗಿ ಬಂದೆವು, ಚೆನ್ನಾಗಿತ್ತು. ಆದರೆ ನನಗೆ ಪ್ರವಾಸ ಶುರುವಾದದ್ದು ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ ಮೇಲೆ.

ವಿಕ್ಟೋರಿಯಾ ನದಿ ದಾಟಿ ಕೆಂಪು ಬಂಡೆಯ ಗುಡ್ಡಗಳ ಪಕ್ಕದಲ್ಲೇ ಹೋಗುತ್ತಿದ್ದೆವು. ಟಿಂಬರ್ ಕ್ರೀಕ್ ಹತ್ತಿರ ಬರುತ್ತಿದ್ದಂತೆ ಅವ್ವ ನನ್ನ ಭುಜ ತಟ್ಟಿದಳು.

"ಗಾಡಿ ನಿಂದ್ರಸು. ಆ ಗಿಡಾ ನೋಡು."

ಕ್ಯಾರವಾನ್ ಕಟ್ಟಿದ ಗಾಡಿ ಹೇಳಿದ ಕಡೆ ನಿಲ್ಲುವುದಿಲ್ಲ. ಅರ್ಧ ಕಿಲೋಮೀಟರ್ ಮುಂದೆ ಹೋಗಿ ಅಗಲವಾದ ಜಾಗ ಸಿಕ್ಕ ಮೇಲೆ ನಿಲ್ಲಿಸಿ ನಡೆದು ಹಿಂದೆ ಬಂದೆವು. ಬುಡ ಕಡಾಯಿಯಂತೆ ಉಬ್ಬಿದ ಬೂದು ಬಣ್ಣದ ಮರ. ಎಲೆಯೆಲ್ಲ ಉದುರಿ, ಕೊಂಬೆಗಳ ತುದಿಯಲ್ಲಿ ಮುಷ್ಟಿ ಗಾತ್ರದ ಕಂದು ಕಾಯಿಗಳಷ್ಟೇ ತೂಗುತ್ತಿದ್ದವು. ಅವ್ವ ಕಾಂಡದ ಮೇಲೆ ಅಂಗೈ ಇಟ್ಟಳು.

"ಇದು ನಮ್ಮ ಸವಣೂರ ಮಠದಾಗಿನ ದೊಡ್ಡಹುಣಸಿ ಗಿಡ ಅಲ್ಲೇನ? ಇಲ್ಲಿಗೆ ಹ್ಯಾಂಗ ಬಂತು?"

ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ಕಂಡವರಿಗೆ ಅವಳ ಬೆರಗು ಅರ್ಥವಾಗುತ್ತದೆ. ಅವು ಆಫ್ರಿಕಾ ಮೂಲದ ಬಾವೊಬಾಬ್. ಇದು ಅದರ ಆಸ್ಟ್ರೇಲಿಯಾದ ದಾಯಾದಿ, ಇಲ್ಲಿಯವರು ಬೋಆಬ್ ಎನ್ನುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ಭಾಗದ ಕಿಂಬರ್ಲಿ ಸೀಮೆ ಮತ್ತು ಅದಕ್ಕೆ ತಾಗಿದ ಈ ಪಟ್ಟಿಯಲ್ಲಿ ಬಿಟ್ಟರೆ ಈ ಜಾತಿ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ತಾನಾಗಿ ಬೆಳೆಯುವುದಿಲ್ಲ. 1855-56ರಲ್ಲಿ ಈ ಕಡೆ ಶೋಧಕ್ಕೆ ಬಂದ ಅಗಸ್ಟಸ್ ಗ್ರೆಗರಿಯ ತಂಡ ಅಕ್ಷರ ಕೆತ್ತಿದ ಮರವೊಂದು ಟಿಂಬರ್ ಕ್ರೀಕ್ ಬಳಿ ಇಂದಿಗೂ ನಿಂತಿದೆ. ಜಾತಿಯ ಶಾಸ್ತ್ರೀಯ ಹೆಸರಿಗೂ ಅವರದೇ ಹೆಸರು ಸೇರಿದೆ. ಅಷ್ಟನ್ನೂ ಅವ್ವನಿಗೆ ಹೇಳಿದೆ. ಅವಳಿಗೆ ಬೇಕಿದ್ದದ್ದು ಒಂದೇ ಲೆಕ್ಕ: "ದೊಡ್ಡದು ಯಾವುದು? ಇದೋ, ನಮ್ಮದೋ?"

ಟಿಂಬರ್ ಕ್ರೀಕ್‌ನಲ್ಲಿ ಆ ರಾತ್ರಿ ನಡೆದ ಅಡುಗೆಯನ್ನು ನಾನು ಮರೆಯುವುದಿಲ್ಲ. ಮರುದಿನ ಪಶ್ಚಿಮ ಆಸ್ಟ್ರೇಲಿಯಾದ ಗಡಿ. ಆ ರಾಜ್ಯ ತನ್ನ ಬೆಳೆಗಳಿಗೆ ಹೊರಗಿನ ಕೀಟ, ರೋಗ ಬಾರದಂತೆ ಗಡಿಯಲ್ಲೇ ತಪಾಸಣೆ ಇಟ್ಟಿದೆ. ಹಸಿ ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ. ಇದು ಗೊತ್ತಿದ್ದೂ ಕ್ಯಾಥರೀನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೆಚ್ಚೇ ಕೊಂಡಿದ್ದೆವು. ಬೀನ್ಸ್, ಗಜ್ಜರಿ, ಬದನೆ, ಆಲೂಗಡ್ಡೆ, ಅರ್ಧ ಕುಂಬಳ. ಒಂದನ್ನೂ ಎಸೆಯಲು ಅವ್ವ ಒಪ್ಪಲಿಲ್ಲ. ಹೊರಗೆ ಮಡಚುವ ಮೇಜು ಹಾಕಿ, ಮಕ್ಕಳ ಕೈಗೂ ಚಾಕು ಕೊಟ್ಟು ಹೆಚ್ಚಿಸಿದಳು. ಎರಡು ಕುಕ್ಕರ್ ಬಿಸಿಬೇಳೆ ಭಾತ್, ಒಂದು ಪಾತ್ರೆ ಬದನೆಕಾಯಿ ಎಣಗಾಯಿ, ಕುಂಬಳದ ಪಲ್ಯ. ಡಾರ್ವಿನ್‌ನ ನಮ್ಮ ಕುಂಡದಲ್ಲಿ ಬೆಳೆದ ಕರಿಬೇವು ಒಂದು ಕಟ್ಟು ಉಳಿದಿತ್ತು. ಅಷ್ಟನ್ನೂ ಒಂದೇ ಒಗ್ಗರಣೆಗೆ ಹಾಕಿದಳು. ಆ ಚಟಪಟ ಸದ್ದಿಗೆ ಪಕ್ಕದ ಕ್ಯಾರವಾನಿನ ಅಜ್ಜ ಅಜ್ಜಿ ಎದ್ದು ಬಂದರು. ತಾಟು ಕೊಟ್ಟು ಕೂರಿಸಿದೆವು. ಆ ಅಜ್ಜ ನಾಲ್ಕನೇ ಬಾರಿ ಈ ದಾರಿಯಲ್ಲಿ ಹೋಗುತ್ತಿದ್ದವರು. ನನ್ನ ಡೈರಿಯ ಎರಡು ಪುಟ ತುಂಬುವಷ್ಟು ವಿಷಯ ಅವರಿಂದಲೇ ಸಿಕ್ಕಿತು.

ಮರುದಿನ ಗಡಿಯಲ್ಲಿ ಅಧಿಕಾರಿ ಕ್ಯಾರವಾನ್ ಹತ್ತಿ ಫ್ರಿಜ್, ಕಪಾಟು, ಬೇಳೆ ಡಬ್ಬಗಳನ್ನೆಲ್ಲ ತೆರೆಸಿ ನೋಡಿದರು. ಬೇಯಿಸಿದ ಅಡುಗೆಗೆ ಅಡ್ಡಿ ಹೇಳಲಿಲ್ಲ. ನಮ್ಮಿಂದ ಹೋದದ್ದು ಮಗನ ಚೀಲದಲ್ಲಿ ಮರೆತುಹೋಗಿದ್ದ ಒಂದು ಸೇಬು ಮಾತ್ರ. ಅವನೇ ಹೋಗಿ ತೊಟ್ಟಿಗೆ ಹಾಕಿ ಬಂದ.

ಗಡಿ ದಾಟಿದರೆ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ. ಇದು ಲಾಭವಲ್ಲ, ಮೋಸ ಹೋಗಬೇಡಿ. ಗಡಿಯಾಚೆಯ ಊರಾದ ಕುನುನುರ್ರಾದಲ್ಲಿ ಬೆಳಗ್ಗೆ ಆರರ ಒಳಗೆ ಸೂರ್ಯ ಹುಟ್ಟಿ, ಸಂಜೆ ಐದು ದಾಟುತ್ತಲೇ ಮುಳುಗುತ್ತಾನೆ. "ಮೂರಕ್ಕೆ ಬಿಡಾರ" ಎಂಬ ನಮ್ಮ ನಿಯಮವನ್ನು ಅಂದೇ ಎರಡಕ್ಕೆ ತಂದೆವು. ಬೆಳಗ್ಗೆ ಏಳುವುದನ್ನು ಐದಕ್ಕೆ ತಂದೆವು. ಅಲ್ಲಿಂದ ಮುಂದೆ ನಮಗೆ ಸೂರ್ಯನೇ ಗಡಿಯಾರ.

ಲೇಕ್ ಆರ್ಗೈಲ್‌ನಲ್ಲಿ ಮೂರು ದಿನ ಇದ್ದೆವು. 1971ರಲ್ಲಿ ಆರ್ಡ್ ನದಿಗೆ ಅಣೆಕಟ್ಟು ಪೂರ್ತಿಯಾಗಿ ನಿಂತ ನೀರು ಅದು. ಸಮುದ್ರವೇ ಅನ್ನಿಸುತ್ತದೆ. ನೀರಿನ ವಿಷಯದಲ್ಲಿ ಮಕ್ಕಳಿಗೆ ಒಂದೇ ಕಟ್ಟುನಿಟ್ಟು: ಈಜಬಹುದು ಎಂದು ಫಲಕ ಇಲ್ಲದ ಕಡೆ ಪಾದವೂ ನೆನೆಯಬಾರದು. ಈ ಸೀಮೆಯ ನದಿಗಳಲ್ಲಿ ಎರಡು ಜಾತಿಯ ಮೊಸಳೆಗಳಿವೆ. ಅದರಲ್ಲಿ ಉಪ್ಪುನೀರಿನ ಮೊಸಳೆ ಹೆಸರಿಗೆ ಉಪ್ಪುನೀರಿನದಾದರೂ ಸಮುದ್ರದಿಂದ ಬಹು ದೂರದ ಸಿಹಿನೀರಿಗೂ ಬರುತ್ತದೆ.

ಪುರ್ನುಲುಲುವಿನ ಜೇನುಗೂಡಿನಂಥ ಗುಡ್ಡಗಳಿಗೆ ಕ್ಯಾರವಾನ್ ಹೋಗಲಾರದು. 53 ಕಿಲೋಮೀಟರ್ ಹೊಳೆ, ಹಳ್ಳ, ಕಲ್ಲುಗಳ ಕಚ್ಚಾ ದಾರಿ. ಹೆದ್ದಾರಿ ಪಕ್ಕದ ಪಾರ್ಕಿನಲ್ಲಿ ಅದನ್ನು ಬಿಟ್ಟು, ಅವ್ವನನ್ನೂ ಮಗಳನ್ನೂ ಅಲ್ಲೇ ಇರಿಸಿ ನಾನು ಮತ್ತು ಮಗ ಹೋಗಿ ಬಂದೆವು. ನೋಡಲೇಬೇಕಾದ ಜಾಗ.

ಟಯರ್ ಒಡೆದದ್ದು ಅಲ್ಲಿಂದ ಹಾಲ್ಸ್ ಕ್ರೀಕ್‌ಗೆ ಹೋಗುವಾಗ. ಢಮ್ ಎಂಬ ಸದ್ದು, ಕನ್ನಡಿಯಲ್ಲಿ ಕಪ್ಪು ಚೂರುಗಳು ಹಾರಿದ್ದು, ಅಷ್ಟೇ ಕಂಡದ್ದು. ಎಡಬದಿಯ ಹಿಂದಿನ ಚಕ್ರ. ಹರಿದ ರಬ್ಬರು ಬಡಿದು ತಳದಲ್ಲಿದ್ದ ಸಿಂಕಿನ ಪೈಪನ್ನೂ ಮುರಿದು ಹಾಕಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಸ್ಟೆಪ್ನಿ ಇತ್ತು, ಆದರೆ ನಮ್ಮ ಜಾಕ್ ಸಡಿಲ ಕೆಂಪು ಮಣ್ಣಿನಲ್ಲಿ ಹೂತು ಹೋಗುತ್ತಿತ್ತು. ನಮ್ಮ ಮನೆಯವರು ಎರಡು ಸಲ ಏರಿಸಿ ಎರಡು ಸಲವೂ ಇಳಿಸಿದರು.

ಆಗ ನನಗೆ ಡೈರಿ ನೆನಪಾಯಿತು. ಟಿಂಬರ್ ಕ್ರೀಕ್‌ನ ಆ ಅಜ್ಜ ಹೇಳಿದ್ದರು: ನಾಲ್ಕು ಚಕ್ರದ ಕ್ಯಾರವಾನಿಗೆ ಜಾಕ್ ಬೇಕಿಲ್ಲ. ಮೊದಲು ಕೆಟ್ಟ ಚಕ್ರದ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಅದೇ ಬದಿಯ ಒಳ್ಳೆಯ ಚಕ್ರದ ಮುಂದೆ, ಕ್ಯಾರವಾನ್ ಮಟ್ಟ ಮಾಡಲು ಇಟ್ಟುಕೊಂಡಿರುವ ಪ್ಲಾಸ್ಟಿಕ್ ಇಳಿಜಾರು ಕಟ್ಟೆ ಇಡಿ. ಗಾಡಿಯನ್ನು ಒಂದು ಗೇಣು, ಇನ್ನೊಂದು ಗೇಣು ಎಂದು ಮುಂದಕ್ಕೆ ತನ್ನಿ. ಹಾಗೇ ಮಾಡಿದೆವು. ಒಳ್ಳೆಯ ಚಕ್ರ ಕಟ್ಟೆ ಹತ್ತಿತು, ಕೆಟ್ಟದ್ದು ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು. ಬಲಬದಿಯ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಯಾರೂ ಕ್ಯಾರವಾನಿನ ಕೆಳಗೆ ಕೈ ಕಾಲು ಚಾಚದಂತೆ ನೋಡಿಕೊಂಡೆವು. ಇಪ್ಪತ್ತು ನಿಮಿಷದಲ್ಲಿ ಸ್ಟೆಪ್ನಿ ಕೂತಿತು. 50 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಟ್‌ಗಳನ್ನು ಮತ್ತೆ ಬಿಗಿದೆವು.

ತಪ್ಪು ನಮ್ಮದೇ. ಕ್ಯಾರವಾನ್ ಹಳೆಯದು, ಇನ್ನೊಬ್ಬರಿಂದ ಕೊಂಡದ್ದು. ಟಯರಿನ ಹಲ್ಲು ಹೊಸದರಂತೆ ಕಾಣುತ್ತಿತ್ತು, ಅದನ್ನೇ ನಂಬಿದ್ದೆವು. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ 2216 ಎಂದಿತ್ತು, ಅಂದರೆ 2016ರ 22ನೇ ವಾರದಲ್ಲಿ ತಯಾರಾದದ್ದು. ಓಡದೆ ಬಿಸಿಲಿನಲ್ಲಿ ನಿಂತೇ ಎಂಟು ವರ್ಷದ ರಬ್ಬರು ಒಳಗೊಳಗೇ ಬಿರಿದಿತ್ತು. ಹಾಲ್ಸ್ ಕ್ರೀಕ್‌ನಲ್ಲಿ ನಮ್ಮ ಅಳತೆಯ ಎರಡು ಸಿಕ್ಕವು, ಉಳಿದವನ್ನು ಬ್ರೂಮ್‌ನಲ್ಲಿ ಬದಲಿಸಿದೆವು. ಆಮೇಲೆ ಪ್ರತಿ ನಿಲುಗಡೆಯಲ್ಲೂ ಮಗಳ ಕೆಲಸ ಒಂದೇ. ನಾಲ್ಕೂ ಟಯರಿನ ಹತ್ತಿರ ಅಂಗೈ ತಂದು ಯಾವುದಾದರೂ ಒಂದು ಉಳಿದವಕ್ಕಿಂತ ಹೆಚ್ಚು ಕಾದಿದೆಯೇ ಎಂದು ನೋಡಿ ಹೇಳುವುದು. ಮುರಿದ ಪೈಪಿನ ಕೆಳಗೆ ಬಕೆಟ್ ಇಟ್ಟು ಬ್ರೂಮ್‌ವರೆಗೂ ಪಾತ್ರೆ ತೊಳೆದೆವು.

ಇಡ್ಲಿಯ ಆಸೆ ಮಾತ್ರ ಈಡೇರಲಿಲ್ಲ. ಹಗಲು 30 ಡಿಗ್ರಿ ದಾಟಿದರೂ ಮರುಭೂಮಿಗೆ ಹತ್ತಿರವಾದ ಹಾಲ್ಸ್ ಕ್ರೀಕ್‌ನಲ್ಲಿ ರಾತ್ರಿ ಕಂಬಳಿ ಹೊದೆಯುವ ಚಳಿ. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟು ಬೆಳಗಿನವರೆಗೆ ಒಂದಿಷ್ಟೂ ಉಬ್ಬಿರಲಿಲ್ಲ. ದೋಸೆ ಹುಯ್ದುಕೊಂಡೆವು.

ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ ಹೊಸ ಸೇತುವೆ ದಾಟುವಾಗ ಗಾಡಿ ನಿಧಾನ ಮಾಡಿದೆ. 2023ರ ಜನವರಿಯ ಪ್ರವಾಹ ಹಳೆಯ ಸೇತುವೆಯನ್ನು ಮುರಿದು ಕೊಂಡೊಯ್ದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸದು ತೆರೆಯಿತು. ಈಗ ಕೆಳಗೆ ಅಗಲವಾದ ಮರಳು, ಅದರ ನಡುವೆ ಸಣ್ಣ ನೀರು. ಮಳೆಗಾಲದಲ್ಲಿ ಈ ದಾರಿ ಯಾಕೆ ಬೇಡ ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಡರ್ಬಿಗೆ ಹೋಗುವ ದಾರಿಯಲ್ಲಿ ರಸ್ತೆ ಬದಿಯ ತಂಗುದಾಣದಲ್ಲಿ ರಾತ್ರಿ ಕಳೆದೆವು. ಅಲ್ಲೊಂದು ಒಳ್ಳೆಯ ಬೋಆಬ್ ಇತ್ತು. ಅವ್ವ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ಹೊರಟಳು. ಮಗ ಒಂದು ತುದಿ ಹಿಡಿದು ನಿಂತ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮರ ಸುತ್ತಿ ಬಂದಳು. ಹತ್ತು ಮೀಟರಿನ ಹಗ್ಗದಲ್ಲಿ ಏಳು ಮೀಟರ್ ಮುಗಿದು ಇನ್ನೊಂದು ಮೊಳ. ಅಷ್ಟಕ್ಕೆ ಕೆಂಪು ದಾರದ ಗಂಟು ಹಾಕಿದಳು. ಡರ್ಬಿ ಊರ ಹೊರಗಿನ ಪ್ರಸಿದ್ಧ ಟೊಳ್ಳು ಮರ ಇದಕ್ಕಿಂತ ಬಹಳ ದೊಡ್ಡದು. ಆದರೆ ಅದು ಈ ನೆಲದ ಮೂಲನಿವಾಸಿಗಳಿಗೆ ಪವಿತ್ರ ತಾಣ, ಸುತ್ತ ಬೇಲಿ ಇದೆ. ಅಲ್ಲಿ ಅವ್ವ ಹಗ್ಗ ತೆಗೆಯಲಿಲ್ಲ. ಬೇಲಿಯ ಆಚೆಯಿಂದಲೇ ಚಪ್ಪಲಿ ಬಿಟ್ಟು ಕೈಮುಗಿದಳು.

ಬ್ರೂಮ್‌ನಲ್ಲಿ ನಾಲ್ಕು ದಿನ. ಹುಣ್ಣಿಮೆ ಕಳೆದು ಹೋಗಿದ್ದರಿಂದ ಇಳಿತದ ಕೆಸರಿನ ಮೇಲೆ ಮೂಡುವ ಚಂದ್ರ ಮೆಟ್ಟಿಲು ಕಟ್ಟಿದಂತೆ ಕಾಣುವ ಆ ನೋಟ ನಮಗೆ ಸಿಗಲಿಲ್ಲ. ಕೇಬಲ್ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ಮಾತ್ರ ಒಂದು ಸಂಜೆಯೂ ತಪ್ಪಿಸಲಿಲ್ಲ. ಪೈಪು ರಿಪೇರಿಯಾಯಿತು. ಬಂದ ದಾರಿಯಲ್ಲೇ ವಾಪಸ್ಸು ಹೊರಟು ಜುಲೈ 14ಕ್ಕೆ ಡಾರ್ವಿನ್ ಸೇರಿದೆವು.

ಸೆಪ್ಟೆಂಬರ್‌ನಲ್ಲಿ ಅವ್ವ ಊರಿಗೆ ಹೋಗುವಾಗ ಆ ಹಗ್ಗ ಅವಳ ಸೂಟ್‌ಕೇಸಿನಲ್ಲಿತ್ತು. ಹದಿನೈದು ದಿನದ ಮೇಲೆ ವಿಡಿಯೊ ಕಾಲ್ ಬಂತು. ಸವಣೂರಿನ ಮಠದಲ್ಲಿ ನಿಂತಿದ್ದಳು. ತಮ್ಮನ ಮಗ ಒಂದು ತುದಿ ಹಿಡಿದಿದ್ದ, ಇವಳು ಇನ್ನೊಂದು ತುದಿ ಹಿಡಿದು ಮರದ ಹಿಂದಿನಿಂದ ಕೂಗುತ್ತಿದ್ದಳು, "ಹಗ್ಗಾ ಸಾಲವಲ್ದು!"